ಗಂಡ ಬಿಟ್ಟಾಕಿಯ ಮಗಳು

ಕಲಬುರಗಿ ಕಡೆಯ ಅತನೂರ ಸೀಮೆಯಲ್ಲಿ ಸಂಸಾರ ಮುರಿದ ಹೆಂಗಸಿಗೆ ‘ಗಂಡ ಬಿಟ್ಟಾಕಿ’ ಅನ್ನುತ್ತಾರೆ. ಕನ್ನಡ ಬಲ್ಲವರು ಈ ಮಾತನ್ನು ಒಂದು ಸಲ ಕಿವಿಗೊಟ್ಟು ಕೇಳಬೇಕು. ಗಂಡ ಇವಳನ್ನು ಬಿಟ್ಟನೋ, ಇವಳೇ ಗಂಡನನ್ನು ಬಿಟ್ಟಳೋ? ವಿಭಕ್ತಿ ಪ್ರತ್ಯಯ ಉದುರಿರುವುದರಿಂದ ಎರಡೂ ಅರ್ಥ ಕೂಡುತ್ತವೆ. ಅದನ್ನು ಬಿಡಿಸಿ ನೋಡುವ ಗರಜು ಊರಿಗೆ ಬೀಳುವುದಿಲ್ಲ. ಬೀಳುವುದು ಮಗಳಿಗೆ. ಅವಳು ಹತ್ತು ವರ್ಷದವಳಿದ್ದಾಗ ಅಪ್ಪ ಅವ್ವನನ್ನು ಬಿಟ್ಟ ಎಂದುಕೊಂಡಿರುತ್ತಾಳೆ. ತನಗೂ ಒಂದು ಸಂಸಾರವಾಗಿ, ಅದರಲ್ಲಿ ನಾಲ್ಕು ವರ್ಷ ಹಲ್ಲು ಕಚ್ಚಿ ಬಾಳಿದ ಮೇಲೆ, ಅವ್ವನೇ ಯಾಕೆ ತಾಳಿಕೊಳ್ಳಲಿಲ್ಲ ಎಂದು ಕೇಳತೊಡಗುತ್ತಾಳೆ. ತಾಯಿ ಮಗಳ ನಡುವೆ ಮಾತು ಕಡಿಮೆಯಾಗುವುದು ಸಾಮಾನ್ಯವಾಗಿ ಈ ಎರಡನೆಯ ಪ್ರಶ್ನೆಯ ನಂತರ.

ಆಗ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ. ಅವಳೂ ಹೆಣ್ಣು, ಅರ್ಥ ಮಾಡಿಕೋ, ಕ್ಷಮಿಸು. ಬೆಂಗಳೂರಿನ ಆಪ್ತಸಮಾಲೋಚಕರು ಹೇಳುವುದೂ ಇದನ್ನೇ, ಕಟ್ಟೆಯ ಮೇಲಿನ ಮುದುಕಿ ಹೇಳುವುದೂ ಇದನ್ನೇ. ನನಗೆ ಈ ಬುದ್ಧಿಮಾತಿನಲ್ಲಿ ನಂಬಿಕೆ ಕಡಿಮೆ. ನಾನು ಕಂಡ ಹೆಣ್ಣುಮಕ್ಕಳಲ್ಲಿ ಅವ್ವನನ್ನು ಅರ್ಥ ಮಾಡಿಕೊಳ್ಳದವರು ಅಪರೂಪ. ಎಲ್ಲ ಅರ್ಥವಾಗಿಯೂ ಸಿಟ್ಟು ಹಾಗೇ ಕುಳಿತಿರುತ್ತದೆ. ಯಾಕೆಂದರೆ ಅದರ ಬೇರು ಮನಸ್ಸಿನಲ್ಲಿರುವಷ್ಟೇ ಮನೆಯಲ್ಲಿ, ಹೊಲದಲ್ಲಿ, ಪಹಣಿ ಪತ್ರದಲ್ಲಿ ಇದೆ.

ನಮ್ಮ ಕಡೆ ಮದುವೆಯಾದ ಮಗಳಿಗೆ ತಾಯಿ ಸಿಗುವುದು ತವರಿನಲ್ಲಿ. ಪಂಚಮಿಗೆ ಕರೆಯಲು ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಕಳಿಸುತ್ತಾರೆ. ಕುಬಸಕ್ಕೆ ಹಸಿರು ಬಳೆ, ಚೊಚ್ಚಲ ಬಾಣಂತನಕ್ಕೆ ಬಿಸಿನೀರು, ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲದ ಜನ ನಾವು. ಅದನ್ನೆಲ್ಲ ಈ ಕೊಡು-ಕೊಳ್ಳುವಿಕೆಯಲ್ಲೇ ತೀರಿಸುತ್ತೇವೆ. ಇದಕ್ಕೆಲ್ಲ ಒಂದು ಹೊಸ್ತಿಲು ಬೇಕಲ್ಲ? ಜನಪದ ಹಾಡಿನಲ್ಲಿ ತವರು ತಾಯಿಯದು. ಪಹಣಿಯಲ್ಲಿ ಅದು ಅಪ್ಪನದು, ಇಲ್ಲವೇ ಕಾಕಾನದು. ಸಂಬಂಧ ಹರಿದ ದಿನ ಹಾಡು ಒಂದು ಕಡೆ, ಪಹಣಿ ಒಂದು ಕಡೆ ಆಗಿಬಿಡುತ್ತದೆ. ತಾಯಿ ತನ್ನ ತಮ್ಮನ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಟ್ರಂಕು ಇಟ್ಟುಕೊಂಡು ಇರುತ್ತಾಳೆ. ಅಲ್ಲಿಗೆ ಮಗಳು ಪಂಚಮಿಗೆ ಬಂದರೆ ಉಂಡಿ ಕಟ್ಟುವ ಬೆಲ್ಲವೂ ತಮ್ಮನ ಹೆಂಡತಿಯದು. ಮಗಳು ಒಂದೇ ರಾತ್ರಿ ಇದ್ದು ಹೊರಟರೆ ತಾಯಿಗೆ ಬೇಜಾರು. ಎಂಟು ದಿನ ಇದ್ದರೆ ಆ ಮನೆಯವರ ಮುಖ ನೋಡಿ ತಾಯಿಗೇ ಸಂಕಟ. ಬಾಣಂತನವನ್ನು ಅತ್ತೆಮನೆಯಲ್ಲೇ ಮುಗಿಸಿಕೊಂಡ ಮಗಳು, ಅವ್ವ ತನಗೆ ಏನೂ ಮಾಡಲಿಲ್ಲ ಎಂದು ಜೀವಮಾನವಿಡೀ ಲೆಕ್ಕ ಇಡುತ್ತಾಳೆ. ಲೆಕ್ಕವೇನೋ ಸರಿಯಾದದ್ದೇ, ಆದರೆ ತಪ್ಪು ಹೆಸರಿನ ಖಾತೆಗೆ ಬರೆದದ್ದು.

ಕಾನೂನು ಇದನ್ನು ಇನ್ನೂ ವಿಚಿತ್ರ ಮಾಡಿದೆ. ವಿಚ್ಛೇದನವಾದ ಹೆಂಡತಿ ಗಂಡನ ವಾರಸುದಾರಳಲ್ಲ. ಅವಳಿಗೆ ಜೀವನಾಂಶ ಕೇಳುವ ಹಕ್ಕಷ್ಟೇ. ಮಗಳ ಸ್ಥಿತಿ ಬೇರೆ. ಕರ್ನಾಟಕದಲ್ಲಿ 1994ರಲ್ಲೇ, ಆಗ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಕೇಂದ್ರ ತಂದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು; 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಅಂದರೆ ಸಾಕಿ ಬೆಳೆಸಿದ ತಾಯಿಗೆ ಭೀಮಾ ದಂಡೆಯ ಗಂಡನ ತೊಗರಿ ಹೊಲದಲ್ಲಿ ಒಂದು ಗೇಣೂ ಇಲ್ಲ, ಅವಳ ಕೈಯಲ್ಲಿ ಬೆಳೆದ ಮಗಳಿಗೆ ಪಾಲು ಉಂಟು. ಈ ಪಾಲೇ ಇಬ್ಬರ ನಡುವೆ ಗೋಡೆಯಾಗುವುದನ್ನು ನೋಡಿದ್ದೇನೆ. ಅಪ್ಪನ ಕಡೆಯವರು ಹಕ್ಕು ಬಿಡುಗಡೆ ಪತ್ರ ಹಿಡಿದು ಬರುತ್ತಾರೆ, ಮಗಳು ಸಹಿ ಹಾಕಿಬಿಡುತ್ತಾಳೆ. “ನಿಂದು ಹಕ್ಕ ಅದ, ಯಾಕ ಸಹಿ ಹಾಕಿದಿ?” ಅಂತ ತಾಯಿ. “ನಾಳಿಗಿ ನನ್ನ ಮಗಳ ಲಗ್ನಕ್ಕ ನಾಕು ಮಂದಿ ಬರಬೇಕಲ್ಲ ಯವ್ವಾ” ಅಂತ ಮಗಳು. ತಾಯಿಗೆ ಆ ಪಾಲು ತನ್ನ ಇಪ್ಪತ್ತು ವರ್ಷದ ದುಡಿತಕ್ಕೆ ಕೊನೆಗೂ ಸಿಗಬಹುದಾಗಿದ್ದ ರಸೀತಿ. ಮಗಳಿಗೆ ಅದು ಬಳಗ ಉಳಿಸಿಕೊಳ್ಳಲು ಕೊಟ್ಟ ಬೆಲೆ. ಇಬ್ಬರದೂ ತಪ್ಪಿಲ್ಲ. ಈ ಜಗಳಕ್ಕೆ ‘ಕ್ಷಮಿಸು’ ಎಂಬ ಔಷಧ ಹಚ್ಚುವವರು ಗಾಯ ಎಲ್ಲಿದೆ ಎಂದು ನೋಡಿಯೇ ಇಲ್ಲ.

ಹಾಗಾದರೆ ಪಟ್ಟಣದಲ್ಲಿ ಸ್ವಂತ ಸಂಬಳ, ಸ್ವಂತ ಫ್ಲಾಟು ಇರುವ ತಾಯಂದಿರ ಮನೆಯಲ್ಲಿ ಈ ಬಿರುಕು ಇರಬಾರದಿತ್ತಲ್ಲ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಅಲ್ಲೂ ಬಿರುಕು ಇದೆ, ಮತ್ತು ಅದನ್ನು ಮನೆಯ ಲೆಕ್ಕದಿಂದ ವಿವರಿಸಲಾಗದು. ಅಲ್ಲಿ ಕೆಲಸ ಮಾಡುವುದು ಇನ್ನೊಂದು ಸಂಗತಿ: ಮಗುವನ್ನು ಸಾಕ್ಷಿ ಮಾಡಿದ್ದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂಬುದು 1890ರ ಪಾಲಕತ್ವ ಕಾಯ್ದೆಯಿಂದಲೂ ಇದೆ. ಮಗುವಿನ ಮಾತಿಗೆ ಬೆಲೆ ಕೊಡುವ ಒಳ್ಳೆಯ ಉದ್ದೇಶವೇ. ಆದರೆ “ಯಾರ ಕೂಡ ಇರ್ತೀ?” ಎಂಬ ಪ್ರಶ್ನೆ ನ್ಯಾಯಾಧೀಶರ ಕೋಣೆಯಲ್ಲಿ ಬರಲಿ, ಊರ ಹಿರಿಯರ ಮುಂದೆ ಬರಲಿ, ಹನ್ನೊಂದು ವರ್ಷದ ಹುಡುಗಿ ಕೊಟ್ಟ ಉತ್ತರ ಅವಳ ಜೊತೆ ಬೆಳೆಯುತ್ತದೆ. ಅಪ್ಪ ಅಂದಿದ್ದರೆ ತಾಯಿ ಅದನ್ನು ಮರೆಯುವುದಿಲ್ಲ. ಅವ್ವ ಅಂದಿದ್ದರೆ, ಮುಂದೆ ಅಪ್ಪನಿಗೆ ಮಾಡಿದ ಪ್ರತಿ ಫೋನೂ ಕೊಟ್ಟ ಮಾತಿಗೆ ತಪ್ಪಿದಂತೆ.

ಇದೆಲ್ಲ ಕೋರ್ಟು ಬಂದ ಮೇಲಿನ ಹೊಸ ರೋಗ ಎನ್ನುವವರಿದ್ದಾರೆ. ಆದರೆ ನಮ್ಮ ಭಾಗದ ಅನೇಕ ಜಾತಿಗಳಲ್ಲಿ ಸೋಡಚಿಟ್ಟಿ, ಅಂದರೆ ಬಿಡುಗಡೆಯ ಚೀಟಿ, ಬರೆದುಕೊಟ್ಟು ಬಿಡುವುದು, ಬಿಟ್ಟವಳು ಉಡಿಕಿಯಾಗಿ, ಅಂದರೆ ಮರುಮದುವೆಯಾಗಿ, ಹೋಗುವುದು ಮೊದಲಿನಿಂದಲೂ ನಡೆದದ್ದು. 1955ರ ಹಿಂದೂ ವಿವಾಹ ಕಾಯ್ದೆಯೂ ತನ್ನ 29ನೆಯ ಕಲಮಿನಲ್ಲಿ ಇಂಥ ರೂಢಿಯ ಬಿಡುಗಡೆಗಳನ್ನು ಮಾನ್ಯ ಮಾಡಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ ಆ ಕಾಯ್ದೆಗೆ ಸೇರಿದ್ದೇ 1976ರಲ್ಲಿ. ಊರಿನ ರೂಢಿ ಅದಕ್ಕಿಂತ ಹಳೆಯದು. ಉಡಿಕಿಯಾಗಿ ಹೋದವಳ ಮಗಳು ಅಜ್ಜಿಯ ಹತ್ತಿರ ಬೆಳೆದು, ಅವ್ವ ನನ್ನ ಬಿಟ್ಟು ಹೋದಳು ಎಂದೇ ನೆನಪಿಡುತ್ತಾಳೆ. ಅಪ್ಪ ಇನ್ನೊಂದು ಲಗ್ನವಾದರೆ ಮಾತ್ರ ಯಾರೂ ‘ಬಿಟ್ಟು ಹೋದ’ ಅನ್ನುವುದಿಲ್ಲ, ‘ಲಗ್ನ ಮಾಡಿಕೊಂಡ’ ಅನ್ನುತ್ತಾರೆ. ಮಗಳ ಸಿಟ್ಟಿಗೂ ಊರಿನದೇ ಭಾಷೆ.

ಹೆತ್ತವರನ್ನು ಸಾಕುವ ಹೊಣೆಯ ವಿಷಯದಲ್ಲಿ ಕಾನೂನಿಗೆ ಗೊಂದಲವಿಲ್ಲ. ಮದುವೆಯಾದ ಮಗಳೂ ತಂದೆತಾಯಿಗೆ ಜೀವನಾಂಶ ಕೊಡಬೇಕಾದವಳೇ ಎಂದು ಸುಪ್ರೀಂ ಕೋರ್ಟು 1987ರಲ್ಲೇ ಹೇಳಿತು. ಕೇಳಿ ಬಂದವನು ಮರುಮದುವೆಯಾಗಿದ್ದ ತಂದೆ, ಮಗಳು ಮಹಾರಾಷ್ಟ್ರದ ಕಲ್ಯಾಣದ ವೈದ್ಯೆ. 2007ರ ಹಿರಿಯ ನಾಗರಿಕರ ಕಾಯ್ದೆ ತಿಂಗಳಿಗೆ ಹತ್ತು ಸಾವಿರದ ಮಿತಿಯನ್ನೂ ಹಾಕಿತು. ಮಗಳು ಇಷ್ಟಕ್ಕೆ ಬದ್ಧಳು. ಅವ್ವನ ಪರವಾಗಿ ಅಪ್ಪನನ್ನು ದ್ವೇಷಿಸಲು, ಅಥವಾ ಯಾರು ಸರಿ ಎಂದು ತೀರ್ಪು ಕೊಡಲು ಬದ್ಧಳಲ್ಲ. ತಾಯಿಯೂ ಮೂವತ್ತು ವರ್ಷದ ಹಿಂದೆ ಸಂಸಾರ ಮುರಿದ ಆ ರಾತ್ರಿಯ ಕಥೆಯನ್ನು ಮಗಳಿಗೆ ಒಪ್ಪಿಸಬೇಕಾಗಿಲ್ಲ. ಆಕೆಗೆ ಬೇಕಾದದ್ದು ತನ್ನ ಹೆಸರಿನ ಎರಡು ಖೋಲಿ, ಒಂದು ಒಲೆ. ಪಾಲು ಬಿಡಿಸಿಕೊಂಡ ಮಗಳು ಅದನ್ನು ಮಾಡಿಕೊಟ್ಟ ಮನೆಗಳಲ್ಲಿ ಮಾತು ತಾನಾಗಿ ಶುರುವಾದದ್ದನ್ನು ನಾನು ಕಂಡಿದ್ದೇನೆ, ಅದೂ ಜಗಳದ ಮಾತೇ ಆಗಿದ್ದರೂ.

ಅಂಥ ಮನೆ ಇಲ್ಲದವರು ಏನು ಮಾಡುತ್ತಾರೆ? ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿ ಗುಡಿಯ ಹೊರಗೆ, ಭೀಮಾ ನದಿಯ ಕಡೆ ಹೋಗಿ ನೋಡಿ. ತಮ್ಮನ ಮನೆಯಿಂದ ಒಬ್ಬಳು, ಅತ್ತೆಮನೆಯಿಂದ ಒಬ್ಬಳು, ಬೇರೆ ಬೇರೆ ಬಸ್ಸು ಹಿಡಿದು ಬಂದಿರುತ್ತಾರೆ. ರೊಟ್ಟಿಗಂಟು ಬಿಚ್ಚುತ್ತಾರೆ, ಶೇಂಗಾ ಹಿಂಡಿ ಹಾಕಿಕೊಳ್ಳುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಏಳುವ ಮುಂಚೆ ತಾಯಿ ಅತ್ತಿತ್ತ ನೋಡಿ, ಪ್ಲಾಸ್ಟಿಕ್ ಚೀಲದಿಂದ ಅಕ್ಕಿ, ತೆಂಗಿನಕಾಯಿ ತೆಗೆದು ಅಲ್ಲೇ ಮಗಳ ಉಡಿ ತುಂಬುತ್ತಾಳೆ. ಮಗಳು ಸೆರಗು ಒಡ್ಡುತ್ತಾಳೆ. ಕೊನೆಯ ಬಸ್ಸು ಐದಕ್ಕೋ ಐದೂವರೆಗೋ ಎಂದು ಒಬ್ಬಳು ಕೇಳುತ್ತಾಳೆ.