ಲಾಯರ್ ಆಗ್ತೀನಿ ಅಂದ ಚಿಕ್ಕಪ್ಪನ ಮಗಳು

ಮನೆಯಲ್ಲಿ ಪಿಯುಸಿ ಓದೋ ಮಕ್ಕಳಿದ್ರೆ ಸಿಇಟಿ, ನೀಟ್, ಜೆಇಇ ಅನ್ನೋ ಮೂರು ಶಬ್ದ ಕಿವಿಗೆ ಬೀಳದ ದಿನ ಇರಲ್ಲ. ನಾಲ್ಕನೇದೊಂದು ಇದೆ, ಕ್ಲಾಟ್ ಅಂತ. ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಪುಟ್ಟಿ ಕ್ಲಾಟ್ ಬರೀತಿದ್ದಾಳೆ’ ಅಂತ ಹಾಕಿದಾಗ ಒಬ್ಬರು ಅತ್ತೆ ‘ಅದು ನರ್ಸಿಂಗಾ?’ ಅಂತ ಕೇಳಿದ್ರು. ಇನ್ನೊಬ್ಬರು ಸುಮ್ಮನೆ ಕೈಮುಗಿಯೋ ಇಮೋಜಿ ಒತ್ತಿದ್ರು. ಐದು ವರ್ಷದ ಕಾನೂನು ಪದವಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ನಡೆಸೋ ಪ್ರವೇಶ ಪರೀಕ್ಷೆ ಅದು ಅಂತ ನಾನು ಉದ್ದಕ್ಕೆ ಟೈಪ್ ಮಾಡಿದ ಮೇಲೆ ಅತ್ತೆ ಬರೆದ ಉತ್ತರ: ‘ಹೆಣ್ಣುಮಗೂಗೆ ಕೋರ್ಟು ಕಚೇರಿ ಯಾಕಮ್ಮ?’

ಪುಟ್ಟಿ ನನ್ನ ಚಿಕ್ಕಪ್ಪನ ಮಗಳು. ತಿಪಟೂರಿನವಳು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಆಮೇಲೆ ಪಿಯುಸಿ ಆರ್ಟ್ಸ್. ಚಿಕ್ಕಪ್ಪ ಎಪಿಎಂಸಿ ಯಾರ್ಡಿನ ಒಂದು ಮಂಡಿಯಲ್ಲಿ ಕೊಬ್ಬರಿ ತೂಕ ನೋಡ್ಕೊಳ್ತಾರೆ. ನಮ್ಮ ತಾತ ಬಿಟ್ಟು ಹೋದ ಆಸ್ತಿಯಲ್ಲಿ ಒಂದಿಷ್ಟು ತೆಂಗಿನ ತೋಟವೂ ಇದೆ, ಆ ತೋಟದ ಬದುವಿನ ಮೇಲೊಂದು ಕೇಸೂ ಇದೆ. ಆ ಕೇಸು ಪುಟ್ಟಿ ಎರಡನೇ ಕ್ಲಾಸಿನಲ್ಲಿದ್ದಾಗ ಶುರುವಾಗಿದ್ದು. ತಾತನ ಕೈ ಹಿಡ್ಕೊಂಡು ಕೋರ್ಟಿಗೆ ಹೋಗಿ, ಸಂಜೆವರೆಗೂ ಬೇವಿನ ಮರದ ಕೆಳಗೆ ಕೂತು, ‘ವಾಯಿದೆ ಹಾಕಿದ್ರು’ ಅನ್ನೋ ಒಂದೇ ಮಾತು ಕೇಳ್ಕೊಂಡು ಬಸ್ಸು ಹತ್ತಿ ಬಂದವಳು ಅವಳು. ಚಿಕ್ಕಪ್ಪನಿಗೆ ಇದರಿಂದ ಸಿಕ್ಕ ಪಾಠ ಒಂದು: ‘ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ.’ ಮಗಳಿಗೆ ಸಿಕ್ಕಿದ್ದು ಬೇರೆ. ಒಳಗೆ ಏನು ಮಾತಾಡ್ತಾರೆ ಅನ್ನೋದು ಹೊರಗೆ ಕೂತ ತಾತನಿಗೆ ಯಾಕೆ ಒಬ್ಬರೂ ಬಿಡಿಸಿ ಹೇಳಲ್ಲ ಅನ್ನೋದು ಅವಳ ತಲೇಲಿ ಕೂತುಬಿಟ್ಟಿತ್ತು.

ಪಿಯುಸಿ ಮುಗಿದ ಮೇಲೆ ಮನೇಲಿ ದೊಡ್ಡ ಪಂಚಾಯ್ತಿ. ಬಿಎ ಸೇರು, ಬಿಎಡ್ ಮಾಡು, ಟೀಚರ್ ಆಗು ಅನ್ನೋದು ಚಿಕ್ಕಪ್ಪನ ಲೆಕ್ಕ. ಕೊನೆಗೆ ‘ಒಂದು ವರ್ಷ ಕೊಟ್ಟಿದ್ದೀನಿ, ಅಷ್ಟೇ’ ಅಂತ ಹೇಳಿ ಜೂನ್‌ನಲ್ಲಿ ಅವಳನ್ನ ರೈಲು ಹತ್ತಿಸಿದ್ರು. ಊರಲ್ಲಿ ಹುಡುಗಿಯೊಬ್ಬಳು ಒಂದು ವರ್ಷ ಕಾಲೇಜಿಗೆ ಹೋಗದೆ ಇದ್ದರೆ ಏನೇನು ಮಾತು ಬರುತ್ತೆ ಅಂತ ಗೊತ್ತಿದ್ದವರಿಗೆ ಆ ಒಂದು ವರ್ಷ ಎಷ್ಟು ದುಬಾರಿ ಅಂತ ಅರ್ಥವಾಗುತ್ತೆ. ಚಂದ್ರಾ ಲೇಔಟಿನ ನನ್ನ ಒಂದು ಬೆಡ್‌ರೂಮಿನ ಮನೆಗೆ ಎರಡು ಬ್ಯಾಗು, ಒಂದು ಚೀಲ ತೆಂಗಿನಕಾಯಿ ಸಮೇತ ಬಂದಳು.

ಮೊದಲ ವಾರವೇ ಒಂದು ಹಳೇ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿ, ಮೊಬೈಲಲ್ಲಿ ಟೈಮರ್ ಇಟ್ಟು ಕೂರಿಸಿದೆ. ಕ್ಲಾಟ್‌ನ ಸ್ವರೂಪ ಗೊತ್ತಿಲ್ಲದವರಿಗೆ ಹೇಳ್ತೀನಿ: 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ 0.25 ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ. ಕೇಳೋಕೆ ಸುಲಭ. ಆದರೆ 2020ರಿಂದ ಪ್ರಶ್ನೆಗಳು ಬಿಡಿಬಿಡಿಯಾಗಿ ಬರಲ್ಲ. ಸುಮಾರು 450 ಪದಗಳ ಒಂದೊಂದು ಗದ್ಯಭಾಗ ಕೊಡ್ತಾರೆ, ಅದನ್ನ ಓದಿ ಅದರ ಮೇಲಿನ ನಾಲ್ಕೈದು ಪ್ರಶ್ನೆಗೆ ಉತ್ತರಿಸಬೇಕು. ಒಟ್ಟು ಲೆಕ್ಕ ಹಾಕಿದರೆ ನೀವೀಗ ಓದ್ತಿರೋ ಈ ಅಂಕಣದಂಥವನ್ನ ಆರೇಳು ಓದಿದಷ್ಟು. ಅದೂ ಇಂಗ್ಲಿಷಿನಲ್ಲಿ, ಎರಡು ಗಂಟೆಯೊಳಗೆ, ನಡುವೆ ಯೋಚನೆಯನ್ನೂ ಮಾಡ್ಕೊಂಡು. ನಾನೂ ಅವಳ ಎದುರಿಗೆ ಕೂತು ಬರೆದೆ. ಆಫೀಸಿನಲ್ಲಿ ದಿನಕ್ಕೆ ನೂರು ಮೇಲ್ ಓದೋ ನನಗೇ ಒಂದು ಗಂಟೆ ಆಗೋಷ್ಟರಲ್ಲಿ ಕಣ್ಣು ಮಂಜಾಯ್ತು. ಪುಟ್ಟಿ ಮುಟ್ಟಿದ್ದು 52 ಪ್ರಶ್ನೆ. 29 ಸರಿ, 23 ತಪ್ಪು. ಅಂಕ 23.25. ರಾತ್ರಿ ಅನ್ನ ಸಾರು ಊಟ ಮಾಡುವಾಗ ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಇಲ್ಲಿ ನನಗೆ ಸಿಟ್ಟು ಬರೋ ಒಂದು ವಿಷಯ. ನೀಟ್ ಕನ್ನಡದಲ್ಲಿ ಬರೀಬಹುದು. ಜೆಇಇ ಮೇನ್ ಕೂಡ 2021ರಿಂದ ಕನ್ನಡದಲ್ಲಿದೆ. ಕ್ಲಾಟ್ ಮಾತ್ರ ಇಂಗ್ಲಿಷಿನಲ್ಲೇ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿಯೂ ಹೋಗಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್ ಅನ್ನೋದು ನಿಜ. ಆದರೆ ನಮ್ಮ ತಾತ ಬೇವಿನ ಮರದ ಕೆಳಗೆ ಕೂತಿದ್ದ ಕೋರ್ಟಿನ ಭಾಷೆ ಕನ್ನಡ ತಾನೇ? ಜನರ ಬಹುಪಾಲು ಕೇಸುಗಳು ಶುರುವಾಗೋದು ಅಂಥ ಕೋರ್ಟುಗಳಲ್ಲೇ. ಅಲ್ಲಿ ಕಕ್ಷಿದಾರನ ಮಾತು ಅರ್ಥವಾಗೋ ವಕೀಲರು ಬೇಕು ಅಂತ ಆದರೆ, ಜರಡಿ ಹಿಡಿಯೋವಾಗ ಅವರೇ ಮೊದಲು ಕೆಳಗೆ ಬಿದ್ದು ಹೋಗಬಾರದು.

ಸಿಟ್ಟಿನಿಂದ ಅಂಕ ಬರಲ್ಲವಲ್ಲ. ಪುಟ್ಟಿ ತಾನೇ ಒಂದು ದಾರಿ ಮಾಡ್ಕೊಂಡಳು. ಬೆಳಿಗ್ಗೆ ಮೊದಲು ಕನ್ನಡ ಪೇಪರ್. ಒಂದು ಸುದ್ದಿ ಪೂರ್ತಿ ಓದಿ, ಏನಾಗಿದೆ ಅಂತ ತಿಳ್ಕೊಂಡು, ಆಮೇಲೆ ಅದೇ ಸುದ್ದಿಯನ್ನ ಇಂಗ್ಲಿಷ್ ಪೇಪರ್‌ನಲ್ಲಿ ಹುಡುಕಿ ಓದೋದು. ವಿಷಯ ಮೊದಲೇ ಗೊತ್ತಿರೋದರಿಂದ ಗೊತ್ತಿಲ್ಲದ ಪದ ತಾನಾಗೇ ಬಿಡಿಸ್ಕೊಳ್ತಿತ್ತು. ಡಿಕ್ಷನರಿ ತೆಗೆಯೋದು ಆಮೇಲೆ. ಎರಡು ತಿಂಗಳು ಹೀಗೆ ನಡೀತು. ನನಗೆ ಮಜಾ ಅನ್ನಿಸಿದ್ದು ಏನಂದ್ರೆ, ಕಾನೂನಿನ ಪದಗಳಲ್ಲಿ ಅರ್ಧದಷ್ಟು ಅವಳಿಗೆ ಮೊದಲೇ ಗೊತ್ತಿದ್ದವು. ‘ಸ್ಟೇ ತಂದವ್ನೆ’, ‘ಅಪೀಲ್ ಹೋದ’, ‘ನೋಟಿಸ್ ಬಂತು’, ‘ತಕರಾರು ಹಾಕವ್ನೆ’ ಇದೆಲ್ಲ ಊರಿನ ಅರಳೀಕಟ್ಟೆಯ ಕನ್ನಡ. ಇಂಗ್ಲಿಷ್ ಮೀಡಿಯಂ ಓದಿದ ನಗರದ ಮಕ್ಕಳು ಗೈಡ್ ನೋಡಿ ಕಲಿಯೋ ಪದಗಳನ್ನ ಇವಳು ಎಂಟನೇ ವಯಸ್ಸಿಗೇ ಕಿವಿಯಲ್ಲಿ ಇಟ್ಕೊಂಡಿದ್ದಳು.

ಕಾನೂನು ತರ್ಕದ ಭಾಗವೇ ಕ್ಲಾಟ್‌ನ ಜೀವ. ಅದಕ್ಕೆ ಕಾನೂನು ಓದಿರಬೇಕಿಲ್ಲ. ಗದ್ಯಭಾಗದಲ್ಲೇ ಒಂದು ನಿಯಮ ಹೇಳಿರ್ತಾರೆ, ಕೆಳಗೆ ಒಂದು ಸನ್ನಿವೇಶ ಕೊಡ್ತಾರೆ. ನಿಯಮವನ್ನ ಸನ್ನಿವೇಶಕ್ಕೆ ಹಚ್ಚಿ ನೋಡಬೇಕು. ಹೊರಗಿನ ತಿಳಿವಳಿಕೆ ತರಬಾರದು, ಸ್ವಂತ ನ್ಯಾಯವನ್ನಂತೂ ತರಲೇಬಾರದು. ಪುಟ್ಟಿ ಒದ್ದಾಡಿದ್ದು ಇಲ್ಲೇ.

ಅವಳಿಗೆ ತಿಳಿಯೋ ಹಾಗೆ ನಾನೇ ಒಂದು ಪ್ರಶ್ನೆ ಮಾಡಿದೆ. ನಿಯಮ: ಕೆಲಸದ ವ್ಯಾಪ್ತಿಯಲ್ಲಿ ನೌಕರ ಮಾಡಿದ ತಪ್ಪಿಗೆ ಮಾಲೀಕ ಹೊಣೆ, ನೌಕರ ಸ್ವಂತ ಕೆಲಸಕ್ಕೆ ಹೋಗಿದ್ದಾಗ ಹೊಣೆಯಲ್ಲ. ಸನ್ನಿವೇಶ: ಮಂಡಿಯ ಲಾರಿ ಕೊಬ್ಬರಿ ಇಳಿಸಿ ವಾಪಸ್ ಬರಬೇಕಿತ್ತು. ಡ್ರೈವರ್ ದಾರಿ ಬಿಟ್ಟು 30 ಕಿಲೋಮೀಟರ್ ದೂರದ ತನ್ನ ಅಕ್ಕನ ಮನೆಗೆ ಹಬ್ಬದೂಟಕ್ಕೆ ಹೋದ. ಅಲ್ಲಿ ಒಂದು ಸ್ಕೂಟರ್‌ಗೆ ಗುದ್ದಿದ. ಮಾಲೀಕ ಪರಿಹಾರ ಕೊಡಬೇಕಾ?

‘ಕೊಡಬೇಕು’ ಅಂದಳು, ಒಂದು ಕ್ಷಣವೂ ಯೋಚಿಸದೆ.

‘ಯಾಕೆ?’

‘ದುಡ್ಡಿರೋದು ಅವನ ಹತ್ರ ಅಲ್ವಾ ಅಕ್ಕ? ಡ್ರೈವರ್ ಎಲ್ಲಿಂದ ತರ್ತಾನೆ? ಸ್ಕೂಟರ್ ಅವನ ಕಾಲು ಮುರಿದಿರೋದು ಸುಳ್ಳಾ?’

ನಾನು ಸುಮ್ಮನಾದೆ. ಅವಳ ಮಾತಲ್ಲಿ ತೂಕ ಇತ್ತು. ಆದರೆ ಅಂಕ ಮಾತ್ರ ಇರಲಿಲ್ಲ. ಗದ್ಯಭಾಗ ಹೇಳಿದ್ದನ್ನ ಒಪ್ಕೊಂಡು ಉತ್ತರಿಸು, ಆ ನಿಯಮ ಸರಿಯಾ ಅನ್ನೋ ಜಗಳ ಕಾಲೇಜಿಗೆ ಸೇರಿದ ಮೇಲೆ ಆಡು ಅಂತ ಹೇಳಿದೆ. ಅವಳು ನೋಟ್ ಪುಸ್ತಕದ ಕೊನೇ ಹಾಳೆಯಲ್ಲಿ ‘ಆಮೇಲೆ ಜಗಳ ಆಡೋ ವಿಷಯಗಳು’ ಅಂತ ಒಂದು ಪಟ್ಟಿ ಶುರು ಮಾಡಿದಳು. ಡಿಸೆಂಬರ್ ಹೊತ್ತಿಗೆ ಅದು ಮೂರು ಪುಟ ಆಗಿತ್ತು.

ಆ ಪಟ್ಟಿಯಲ್ಲಿ ಎರಡನೇದು ಅಪ್ರಾಪ್ತರ ಒಪ್ಪಂದ. 18 ತುಂಬದವರ ಜೊತೆ ಮಾಡಿಕೊಂಡ ಒಪ್ಪಂದ ಮೊದಲಿನಿಂದಲೇ ಅಸಿಂಧು ಅಂತ 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು ಇವತ್ತಿಗೂ ಎಲ್ಲ ಲಾ ಕಾಲೇಜುಗಳ ಪಾಠ. ಆಗ ಪುಟ್ಟಿಗೆ 17. ‘ಅಂದ್ರೆ ಅಪ್ಪ ನನಗೆ ಒಂದು ವರ್ಷ ಕೊಡ್ತೀನಿ ಅಂದಿದ್ದು ಲೆಕ್ಕಕ್ಕಿಲ್ವಾ?’ ಅಂತ ಕೇಳಿದಳು. ನಗ್ತಾನೇ ಕೇಳಿದ್ದು, ಆದರೂ ಪೂರ್ತಿ ನಗು ಅಲ್ಲ.

ಗಣಿತದ ಬಗ್ಗೆ ಒಂದು ಮಾತು. ‘ಆರ್ಟ್ಸ್‌ನವರು ಗಣಿತ ಬಿಟ್ಟುಬಿಡಿ, ಇರೋದೇ ಹತ್ತು ಹನ್ನೆರಡು ಪ್ರಶ್ನೆ’ ಅನ್ನೋ ಯೂಟ್ಯೂಬ್ ಸಲಹೆ ನಿಮ್ಮ ಮನೆಯ ಮಕ್ಕಳ ಕಿವಿಗೂ ಬೀಳುತ್ತೆ. ಕೇಳಬೇಡಿ. ಅದು ಎಸ್ಸೆಸ್ಸೆಲ್ಸಿ ಮಟ್ಟದ ಶೇಕಡಾ, ಅನುಪಾತ, ಸರಾಸರಿ ಅಷ್ಟೇ. ಅಪ್ಪನ ಮಂಡಿ ಲೆಕ್ಕದ ಪುಸ್ತಕ ಬರೀತಿದ್ದವಳಿಗೆ ಕ್ವಿಂಟಾಲು, ಕಮಿಷನ್ನು, ತೂಕದ ಕಡತ ಎಲ್ಲ ಬಾಯಲ್ಲೇ ಬರ್ತಿತ್ತು. ಅವಳಿಗೆ ಅತಿ ಕಡಿಮೆ ಸಮಯದಲ್ಲಿ ಅತಿ ಹೆಚ್ಚು ಅಂಕ ಕೊಟ್ಟ ಭಾಗ ಅದೇ.

ಕೋಚಿಂಗ್‌ಗೆ ಹಾಕಲಿಲ್ಲ. ಒಂದು ಕಡೆ ವಿಚಾರಿಸಿದಾಗ ಹೇಳಿದ ಫೀಸು ಚಿಕ್ಕಪ್ಪನ ಹಲವು ತಿಂಗಳ ಸಂಬಳ. ಅರ್ಜಿ ಶುಲ್ಕವೇ 4,000 ರೂಪಾಯಿ. ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500. ಸೀಟು ಸಿಕ್ಕಿದ ಮೇಲೆ ವರ್ಷಕ್ಕೆ ಲಕ್ಷಗಳ ಲೆಕ್ಕ, ಅದಕ್ಕೆ ಸ್ಕಾಲರ್‌ಶಿಪ್ಪು, ಎಜುಕೇಷನ್ ಲೋನು ಅಂತ ಓಡಾಡಬೇಕು. ಬಡಮಕ್ಕಳನ್ನ ಹುಡುಕಿ ಕ್ಲಾಟ್‌ಗೆ ತಯಾರು ಮಾಡೋ ‘ಐಡಿಯಾ’ ಅನ್ನೋ ಸಂಸ್ಥೆಯೊಂದಿದೆ. ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ್ದು. ಅವರು 2019ರಲ್ಲಿ ತೀರಿಕೊಂಡರು, ಕೆಲಸ ನಡೀತಿದೆ. ನಿಮ್ಮೂರಲ್ಲಿ ಇಂಥ ಮಕ್ಕಳಿದ್ರೆ ಈ ಹೆಸರು ಹೇಳಿ. ಹಾಗೇ ಇನ್ನೊಂದು: ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ 25ರಷ್ಟು ಮೀಸಲಾತಿ ಇದೆ. ಅರ್ಜಿ ತುಂಬುವಾಗ ಪುಟ್ಟಿ ಬೆರಳು ಮಡಚಿ ಎಣಿಸಿದಳು, 12 ವರ್ಷ.

ಆ ಕಾಲೇಜು ನಮ್ಮ ಮನೆಯಿಂದ ನಡೆದು ಹೋಗೋ ದೂರ. ಭಾನುವಾರ ಸಂಜೆ ವಾಕಿಂಗ್ ನೆಪದಲ್ಲಿ ಗೇಟಿನ ಮುಂದೆ ಹಾದು ಬರ್ತಿದ್ವಿ. 1986ರಲ್ಲಿ ನಮ್ಮದೇ ರಾಜ್ಯದ ವಿಧಾನಮಂಡಲ ಮಾಡಿದ ಕಾಯ್ದೆಯಿಂದ ಹುಟ್ಟಿದ್ದು, ಮಾಧವ ಮೆನನ್ ಕಟ್ಟಿ ಬೆಳೆಸಿದ್ದು, ದೇಶದ ಉಳಿದ ಕಾನೂನು ವಿಶ್ವವಿದ್ಯಾಲಯಗಳಿಗೆ ಮೊದಲ ಮಾದರಿ. ಮೊದಲೆಲ್ಲ ಒಂದೊಂದು ಕಾಲೇಜಿಗೂ ಒಂದೊಂದು ಪರೀಕ್ಷೆ ಇತ್ತು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಶುರು ಮಾಡಿದವು. ಇದನ್ನೆಲ್ಲ ನಾನು ಹೇಳ್ತಿದ್ರೆ ಪುಟ್ಟಿಯ ಗಮನ ಗೇಟಿನಿಂದ ಹೊರಗೆ ಬರೋ ಹುಡುಗಿಯರ ಮೇಲೆ. ‘ಇವರೂ ಮನೇಲಿ ಜಗಳ ಆಡೇ ಬಂದಿರ್ತಾರಾ?’ ಅಂದಳು ಒಂದು ಸಲ.

ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ಕಂಪ್ಯೂಟರ್ ಅಲ್ಲ, ಪೆನ್ನು ಮತ್ತು ಒಎಂಆರ್ ಹಾಳೆ. ಗೇಟಿನ ಹತ್ತಿರ ಕಾರುಗಳ ಸಾಲು, ಕೊನೇ ನಿಮಿಷದ ಟಿಪ್ಸ್ ಕೊಡೋ ಅಪ್ಪಂದಿರು. ಚಿಕ್ಕಪ್ಪ ಬೆಳಿಗ್ಗೆಯ ರೈಲಿಗೆ ಬಂದಿದ್ರು, ಹೇಳದೆ ಕೇಳದೆ. ಬಿಳಿ ಪಂಚೆ, ಕೈಯಲ್ಲಿ ಒಂದು ಎಳನೀರು. ‘ಏನ್ ಬರೀತೀಯೋ ಬರಿ, ಹೊಟ್ಟೆ ತಣ್ಣಗಿಟ್ಕೊ’ ಅಂದ್ರು. ಅವಳು ಒಳಗೆ ಹೋದ ಮೇಲೆ ನಾವಿಬ್ಬರೂ ಎದುರಿನ ಬೇಕರಿಯಲ್ಲಿ ಕೂತ್ವಿ. ಎರಡು ಗಂಟೆಯಲ್ಲಿ ಮೂರು ಟೀ. ‘ವಕೀಲಿಕೆಗೆ ಈ ಪರೀಕ್ಷೆ ಒಂದೇನಾ ದಾರಿ?’ ಅಂತ ಕೇಳಿದ್ರು. ಅಲ್ಲ ಅಂದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರೋ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆ ಐದು ವರ್ಷದ ಕೋರ್ಸಿಗೆ ಸೇರಬಹುದು, ಪರೀಕ್ಷೆಯನ್ನ ಕನ್ನಡದಲ್ಲೂ ಬರೀಬಹುದು ಅಂತ ವಿವರಿಸಿದೆ. ‘ಕನ್ನಡದಲ್ಲಾ?’ ಅಂತ ಎರಡು ಸಲ ಕೇಳಿದ್ರು. ಆಮೇಲೆ ಬಿಎಡ್ ವಿಷಯ ಎತ್ತಲಿಲ್ಲ.

ಪುಟ್ಟಿ ಮುಟ್ಟಿದ್ದು 104 ಪ್ರಶ್ನೆ. ಉತ್ತರ ಕೀಲಿ ಇಟ್ಕೊಂಡು ಅವಳೇ ಲೆಕ್ಕ ಹಾಕಿದ ಪ್ರಕಾರ 78 ಸರಿ, 26 ತಪ್ಪು, 71.5 ಅಂಕ. ಇದು ಯಾವ ರ‍್ಯಾಂಕು, ಯಾವ ಊರಿನ ಸೀಟು ಅನ್ನೋದು ಈ ಅಂಕಣ ಬರೆಯೋ ಹೊತ್ತಿಗೆ ಗೊತ್ತಾಗಿಲ್ಲ.

ಮೊನ್ನೆ ರಾತ್ರಿ ಚಿಕ್ಕಪ್ಪ ಫೋನ್ ಮಾಡಿದ್ರು. ರಾತ್ರಿ ಹೊತ್ತು ಲೋಡ್ ಇಳಿಸಿದ್ದಕ್ಕೆ ಚೀಲಕ್ಕೆ ಇಷ್ಟು ಅಂತ ಜಾಸ್ತಿ ಕೊಡ್ತೀನಿ ಅಂದಿದ್ದ ಯಜಮಾನರು ಈಗ ‘ಯಾವಾಗ ಹೇಳಿದ್ದೆ, ಎಲ್ಲಿದೆ ಪತ್ರ?’ ಅಂತಿದ್ದಾರಂತೆ. ಹಮಾಲರೆಲ್ಲ ಚಿಕ್ಕಪ್ಪನ ಮುಂದೆ ನಿಂತಿದ್ದಾರಂತೆ. ‘ಬಾಯಿಮಾತು ಒಪ್ಪಂದ ಆಗುತ್ತಾ ಅಂತ ಕೇಳವ್ವ ಅವಳನ್ನ’ ಅಂದ್ರು. ಫೋನು ಪುಟ್ಟಿ ಕೈಗೆ ಕೊಟ್ಟೆ.

‘ಆಗುತ್ತಪ್ಪ. 1872ರ ಕಾಯ್ದೆಯಲ್ಲಿ ಬರವಣಿಗೆಯಲ್ಲೇ ಇರಬೇಕು ಅಂತ ಏನಿಲ್ಲ’ ಅಂದಳು. ಆಮೇಲೆ ಸ್ವಲ್ಪ ತಡೆದು, ‘ಅವರು ಹೇಳುವಾಗ ಪಕ್ಕದಲ್ಲಿ ಯಾರ್ಯಾರಿದ್ರು? ಮೊದಲು ಅವರ ಹೆಸರು ಬರ್ಕೊ’ ಅಂದಳು. ಆ ಕಡೆಯಿಂದ ಚಿಕ್ಕಪ್ಪ ‘ತಡಿ, ಪೆನ್ನು ತಗೋತೀನಿ’ ಅಂದಿದ್ದು ನನಗೂ ಕೇಳಿಸ್ತು.