ಅಭಿಮಾನಿ ದೂರವಾಗಿಲ್ಲ, ಲೀಗ್ ದೂರವಾಗಿದೆ

ಚೆನ್ನೈನಲ್ಲಿ ವೃತ್ತಿಪರ ಫುಟ್‌ಬಾಲ್‌ನ ಆಕರ್ಷಣೆ ಕುಗ್ಗುತ್ತಿದೆ, ಅಭಿಮಾನಿಗಳಿಗೇ ಆಸಕ್ತಿಯಿಲ್ಲ ಎಂಬ ಲೇಖನ ರೋಗವನ್ನು ಬಿಟ್ಟು ರೋಗಿಯನ್ನು ದೂರುತ್ತದೆ. ಚೆನ್ನೈಯಿನ್ ಎಫ್‌ಸಿ 2015ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು. 2018ರಲ್ಲಿ ಬೆಂಗಳೂರಿನ ಕಂಠೀರವದಲ್ಲೇ ಬೆಂಗಳೂರು ಎಫ್‌ಸಿಯನ್ನು 3-2ರಿಂದ ಮಣಿಸಿ ಮತ್ತೆ ಗೆದ್ದಿತು. ಮರುವರ್ಷ ಚೆನ್ನೈ ಸಿಟಿ ಎಫ್‌ಸಿ ಐ-ಲೀಗ್ ಗೆದ್ದಿತು, ಆದರೆ ಕೊಯಮತ್ತೂರನ್ನು ತವರಾಗಿಸಿಕೊಂಡು. ಕೆಲವೇ ವರ್ಷಗಳಲ್ಲಿ ಆ ಲೀಗ್‌ನಿಂದಲೇ ಮರೆಯಾಯಿತು. ಅಭಿಮಾನ ಬೇರೂರಲು ತಂಡ ಒಂದೆಡೆ ನಿಲ್ಲಬೇಕಲ್ಲವೇ?

ಕ್ರಿಕೆಟ್ ಎಲ್ಲವನ್ನೂ ನುಂಗಿತು ಎನ್ನುವವರುಂಟು. ಹಾಗಾದರೆ ನಡುರಾತ್ರಿ ಯುರೋಪಿನ ಪಂದ್ಯ ನೋಡುವವರು ಯಾರು? ಅವರಿಗೆ ಆಟ ಬೇಸರವಾಗಿಲ್ಲ. ಊರಿನ ಲೀಗ್ ಮೇಲೆ ಭರವಸೆಯಿಲ್ಲ. ಅದಕ್ಕೆ ಕಾರಣವೂ ಇದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಯ ನಡುವಿನ ಹಕ್ಕುಗಳ ಒಪ್ಪಂದ ನವೀಕರಣವಾಗದೆ 2025ರ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ವೇತನ ನಿಲ್ಲಿಸಿತು, ಚೆನ್ನೈಯಿನ್ ಚಟುವಟಿಕೆಯನ್ನೇ ಸ್ಥಗಿತಗೊಳಿಸಿತು. ಸೋತ ತಂಡಕ್ಕೆ ಜನ ಬರುವುದಿಲ್ಲ ಎಂಬ ಮಾತು ಅರ್ಧಸತ್ಯ: ಸೋಲನ್ನು ಅಭಿಮಾನಿ ಸಹಿಸುತ್ತಾನೆ, ಅನಿಶ್ಚಿತತೆಯನ್ನಲ್ಲ. ಮೊದಲು ಖಚಿತ ವೇಳಾಪಟ್ಟಿ ಕೊಡಿ. ಆಮೇಲೆ ಖಾಲಿ ಕುರ್ಚಿಗಳನ್ನು ಎಣಿಸಿ.