ಹೆಳವನ ಹೊತ್ತಿಗೆಯೂ ನಮ್ಮ ಆಯಿಯೂ

ಸುಗ್ಗಿ ಮುಗಿದ ಮೇಲೆ ಹೆಳವರು ಮನೆ ಬಾಗಿಲಿಗೆ ಬರುವುದು ನಮ್ಮ ಕಡೆ ಹೊಸದಲ್ಲ. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು. ನಿಂತಲ್ಲೇ ಮುತ್ತಜ್ಜನ ಅಪ್ಪನಿಂದ ಹಿಡಿದು ಹೆಸರು ಹೇಳುತ್ತ ಬಂದರೆ ಗಲ್ಲಾದ ಮೇಲೆ ಕೂತ ಸಾವಕಾರನೂ ಒಂದು ಗಳಿಗೆ ಕಿವಿಗೊಡುತ್ತಾನೆ. ಆಮೇಲೆ "ಮುಂದ ಹೋಗಪಾ, ವ್ಯಾಪಾರದ ಟೈಮು" ಅನ್ನುತ್ತಾನೆ, ಆ ಮಾತು ಬೇರೆ.

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ವಂಶಾವಳಿ ಪುಸ್ತಕಗಳಲ್ಲಿ ಅಚ್ಚಾಗಿದೆ. 1948ರಲ್ಲಿ ಸಂಸ್ಥಾನ ಹೋದವು, ಹೆಸರು ಉಳಿದವು. ಬನಹಟ್ಟಿಯ ನೇಕಾರನದು, ಬೀಳಗಿಯ ಒಕ್ಕಲಿಗನದು ಬರೆದವರು ಯಾರು? ಹೆಳವರೇ. ಅದೂ ಒಂದಿಷ್ಟು ಜೋಳಕ್ಕೆ, ಒಂದು ಹಳೇ ಧೋತರಕ್ಕೆ.

ಈಗ ವಂಶಾವಳಿ ಬೇಕಾಗುವುದು ಕಚೇರಿಗೆ. ಉತಾರದಲ್ಲಿ ವಾರಸಾ ಹೆಸರು ಹಚ್ಚಲಿಕ್ಕೆ ಬೇಕು, ಮುಳುಗಡೆ ಪರಿಹಾರಕ್ಕೆ ಬೇಕು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಎಷ್ಟೋ ಊರು ಹೋದವು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ಅಂದರೆ ಇನ್ನಷ್ಟು ಮನೆ ಏಳಬೇಕು, ಇನ್ನಷ್ಟು ವಂಶಾವಳಿ ಬರೆಸಬೇಕು. ಕಚೇರಿ ಕೇಳುವುದು ಇಷ್ಟೇ: ಸತ್ತವರು ಯಾರು, ಇದ್ದವರು ಯಾರು. ಮನೆಯೊಳಗೆ ಏನಾಯಿತು ಅಂತ ಅದು ಕೇಳುವುದಿಲ್ಲ. ನಾವಾದರೂ ಎಲ್ಲಿ ಕೇಳಿದ್ದೇವೆ?

ನನ್ನ ಮನೆಯದೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಹೆಳವಜ್ಜ ಬಂದು ಹೊತ್ತಿಗೆ ಬಿಚ್ಚಿದ. ಅಜ್ಜನ ಅಣ್ಣನ ಹೆಸರು ಓದಿ, "ಸಂತಾನ ಇಲ್ಲ" ಅಂದ. ಪಡಸಾಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಆಯಿ ಮೊರ ಕೆಳಗಿಟ್ಟಳು.

"ಯಾರು ಹೇಳಿದರೋ ತಮ್ಮಾ ನಿನಗ? ಸೊಲ್ಲಾಪುರದಾಗ ಎರಡು ಮಕ್ಕಳದಾವು."

ಮನೆ ತುಂಬ ಎಲ್ಲರೂ ಗಪ್ಪಾದರು. ಆ ದೊಡ್ಡಜ್ಜ ಗಿರಣಿ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋಗಿ, ಬೇರೆ ಜಾತಿಯವಳನ್ನು ಮದುವೆಯಾದನಂತೆ. ಒಮ್ಮೆ ಕೂಸನ್ನು ಎತ್ತಿಕೊಂಡು ಬಂದಾಗ ಹಿರಿಯರು ಹೊಸ್ತಿಲು ದಾಟಗೊಡಲಿಲ್ಲ. ಆಗ ಆಯಿ ಹೊಸ ಸೊಸೆ, ದಿನವಿಡೀ ಮಗ್ಗದ ಮುಂದೆ ಕಂಡಿಕೆ ಸುತ್ತುವುದೇ ಕೆಲಸ. ಹಿತ್ತಲ ಬಾಗಿಲಿನಿಂದ ಆ ಬಾಣಂತಿಗೆ ಎರಡು ರೊಟ್ಟಿ, ಒಂದು ಕುಬಸದ ಕಣ ಕೊಟ್ಟು ಕಳಿಸಿದಳಂತೆ. ಅರವತ್ತು ವರ್ಷ ಈ ಮಾತು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. "ಯಾಕ ಹೇಳಲಿಲ್ಲ ಆಯಿ?" ಅಂದರೆ, "ಯಾರು ಕೇಳಿದಿರಿ?" ಅಂದಳು.

ಈ ಬಾರಿ ಹೆಳವರು ಬಂದಾಗ ಸಾವಕಾರರು ಅರ್ಧ ಗಂಟೆ ಗಲ್ಲಾ ಬಿಟ್ಟು ಏಳಬೇಕು, ಮನೆಯ ಮುದುಕಿಯರನ್ನೂ ಹೊರಗೆ ಕರೆಯಬೇಕು ಅಂತ ನನ್ನ ವಾದ. ಹೊತ್ತಿಗೆ ಹೆಚ್ಚಾಗಿ ಗಂಡಸರ ಸಾಲು. ತಪ್ಪಿದ್ದರೆ ತಿದ್ದುವವರು ಒಳಗೆ ಕೂತಿರುತ್ತಾರೆ. ಮೊಬೈಲಿನಲ್ಲಿ ದನಿ ಹಿಡಿದಿಡಲು ಖರ್ಚೇನೂ ಇಲ್ಲ. ಆದರೆ ದೊಡ್ಡ ದನಿಯಲ್ಲಿ ಕೇಳಬೇಡಿ. ಮಗ, ಸೊಸೆ ಹೊರಗೆ ಹೋದ ಹೊತ್ತು ನೋಡಿ ಕೇಳಿರಿ.

ಹೆಳವಜ್ಜ ಅವತ್ತು "ಸಂತಾನ ಇಲ್ಲ" ಎಂಬುದನ್ನು ಹೊಡೆದುಹಾಕಿ ಎರಡು ಗೆರೆ ಎಳೆದ. ಹೆಸರು ಆಯಿಗೂ ನೆನಪಿರಲಿಲ್ಲ.

"ಆಯಿಯ ಹೆಸರೂ ಬರೀರಿ ಅಜ್ಜಾ" ಅಂದೆ.

"ಎಲ್ಲಿ ಬರೀಲೋ ಯಪ್ಪಾ, ಸಾಲು ತುಂಬೇತಿ" ಅಂದ. ಹಾಳೆಯ ಅಂಚಿನಲ್ಲಿ ಜಾಗ ಇತ್ತು, ಅಲ್ಲಿ ಬರೆಸಿದೆ.